ಬಿಸಿಯಾಗದ ನೀರು, ಬಾರದ ಮಾತು

ಹೋದ ವರ್ಷ ಪಾರ್ಶ್ವವಾಯು ಬಡಿದಾಗ ಬದರಿನಾಥರ ಬಲಗೈಯ ಶಕ್ತಿ ಅರ್ಧದಷ್ಟು ಹೋಯಿತು. ಅದರ ಜೊತೆಗೆ ವಸ್ತುಗಳ ಹೆಸರುಗಳೂ ಹೋದವು. ಎದುರಿಗಿರುವುದು ಏನು, ಅದರಿಂದ ಏನು ಮಾಡಬೇಕು ಎಂಬುದೆಲ್ಲ ಗೊತ್ತು, ಹೆಸರು ಮಾತ್ರ ನಾಲಿಗೆಗೆ ಬಾರದು. ಬಾಚಣಿಗೆಯನ್ನು ‘ತಲೆದು’ ಎನ್ನುತ್ತಿದ್ದರು, ಕನ್ನಡಕವನ್ನು ‘ನೋಡೋದು’ ಎನ್ನುತ್ತಿದ್ದರು. ಟೆಲಿಫೋನ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಬನಶಂಕರಿ ಎರಡನೇ ಹಂತದ ಅವರ ಮನೆಗೆ ಮಿಕ್ಸಿ ರಿಪೇರಿಗೆಂದಾಗಲಿ ಗೀಸರ್ ರಿಪೇರಿಗೆಂದಾಗಲಿ ಹೊರಗಿನವರು ಬಂದದ್ದೇ ಇಲ್ಲ. ಆಸ್ಪತ್ರೆಯಿಂದ ಮರಳಿದ ಮೇಲೆ ಅವರು ತಮ್ಮ ಟೂಲ್ ಬಾಕ್ಸನ್ನು ಮಂಚದ ಕೆಳಗೆ ತಳ್ಳಿದ್ದರು. ಮತ್ತೆ ತೆಗೆದಿರಲಿಲ್ಲ.

ಅವರ ಹೆಂಡತಿ ಸೀತಾಲಕ್ಷ್ಮಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಮಾತಿಗೆ ಬಡತನವಿಲ್ಲ. ಗಂಡ ‘ಅದು...’ ಎನ್ನುವಷ್ಟರಲ್ಲಿ ಈಕೆ ‘ಪೇಪರಾ? ನೀರಾ? ಟವೆಲ್ಲಾ?’ ಎಂದು ಸಾಲು ಹಿಡಿಯುತ್ತಿದ್ದರು. ಯಾವುದೋ ಒಂದು ಸರಿಯಾಗುತ್ತಿತ್ತು, ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಜಯನಗರದ ಡಾಕ್ಟರು, “ಮೇಡಂ, ನೀವು ಸ್ವಲ್ಪ ಕಾಯ್ಬೇಕು. ಅವರೇ ಹುಡುಕ್ಕೊಳ್ಲಿ” ಎಂದು ಹೇಳಿದ್ದರು. ಹೂಂ ಎಂದು ಬಂದರೂ ಸೀತಾಲಕ್ಷ್ಮಿಗೆ ಅದು ಆಗಲಿಲ್ಲ. ಗಂಡ ಒಂದು ಪದಕ್ಕಾಗಿ ತಡಕಾಡುವುದನ್ನು ನೋಡಿದರೆ ಅವರ ಬಾಯಿಂದ ಪದಗಳು ತಾವಾಗಿಯೇ ಹೊರಬೀಳುತ್ತಿದ್ದವು.

ತಾಯಿಗೆ ಕೆಲಸ ಹೆಚ್ಚಾಯಿತೆಂದು ಮಗಳು ಧೃತಿ ಡಿಶ್‌ವಾಷರ್ ತಂದು ಕೂರಿಸಿದ್ದಳು. ಅವಳು ಜೆ.ಪಿ. ನಗರದಲ್ಲಿ ಹಲ್ಲಿನ ಡಾಕ್ಟರು. ಮೊದಲು ಮೂಗು ಮುರಿದ ಸೀತಾಲಕ್ಷ್ಮಿ ಆಮೇಲೆ ಆ ಯಂತ್ರವನ್ನು ಮನೆಯವರಲ್ಲೊಬ್ಬರಂತೆ ನೋಡಿಕೊಳ್ಳುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಅದರ ಬಾಗಿಲು ತೆಗೆದರೆ ಪಾತ್ರೆಗಳೆಲ್ಲ ತಣ್ಣಗಿದ್ದವು. ಹುಳಿಯ ಪಾತ್ರೆಯ ಅಂಚಿಗೆ ಒಗ್ಗರಣೆಯ ಎಣ್ಣೆ ಹಾಗೇ ಇತ್ತು, ತುಪ್ಪದ ಮಿಳ್ಳೆಯಲ್ಲಿ ತುಪ್ಪ ಹೆಪ್ಪುಗಟ್ಟಿತ್ತು. ಕಂಪನಿಗೆ ಫೋನ್ ಮಾಡಿದರೆ ಮುಂದಿನ ವಾರ ಬರುತ್ತೇವೆ ಎಂದರು.

“ಮುಂದಿನ ವಾರದ ತನಕ ನಾನೇ ತಿಕ್ತೀನಿ, ಇನ್ನೇನ್ ಮಾಡೋದು” ಎಂದು ಸೀತಾಲಕ್ಷ್ಮಿ ಸೆರಗು ಸಿಕ್ಕಿಸಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬದರಿನಾಥರು ಒಳಗೆ ಬಂದು, “ಹಾಕು” ಎಂದರು.

“ಏನ್ ಹಾಕ್ಲಿ? ಸೋಪಾ? ಮಿಷನ್ನಿಗೆ ಹಾಕೋ ಉಪ್ಪಾ?”

ಅವರು ತಾವೇ ಬಟನ್ ಒತ್ತಿದರು. ಯಂತ್ರ ಗುಂಯ್ ಎಂದಿತು. ಎಡಗೈಯನ್ನು ಬಾಗಿಲಿಗೆ ಒತ್ತಿ ಬಹಳ ಹೊತ್ತು ನಿಂತರು. “ತಣ್ಣಗೆ” ಎಂದರು. ಆಮೇಲೆ ಯಂತ್ರ ನಿಲ್ಲಿಸಿ ತಳದ ಜಾಲರಿಯನ್ನು ತೋರಿಸಿದರು. ಸೀತಾಲಕ್ಷ್ಮಿ ಅದನ್ನು ಬಿಚ್ಚಿ ತೊಳೆದರು. ಒಂದು ನಿಂಬೆ ಬೀಜ, ಸಾಸಿವೆ, ಅನ್ನದ ಅಗುಳು ಬಂದವು. ಜಾಲರಿ ಕಟ್ಟಿಕೊಂಡರೆ ನೀರು ಸರಿಯಾಗಿ ಸುತ್ತದು, ನೀರು ಸುತ್ತದಿದ್ದರೆ ಯಂತ್ರ ಬಿಸಿ ಮಾಡದು. ಇಷ್ಟೇ ಇರಬೇಕೆಂದು ಇಬ್ಬರಿಗೂ ಸಮಾಧಾನವಾಯಿತು. ಮತ್ತೆ ಓಡಿಸಿದರು. ಬಾಗಿಲು ಆಗಲೂ ತಣ್ಣಗೇ ಇತ್ತು.

ಬದರಿನಾಥರು ಹುಬ್ಬು ಗಂಟಿಕ್ಕಿ, “ಕೆಳಗೆ... ಕೆಂಪು... ಮಿಣಕ್ ಮಿಣಕ್” ಎಂದರು.

“ಮಿಣುಕು ಹುಳಾನಾ?”

ಅವರಿಗೆ ನಗು ಬಂತು. ಎಷ್ಟೋ ದಿನಕ್ಕೆ ಬಂದ ನಗು. ಮನೆಯ ಫ್ಯಾನು, ದೀಪ, ಫ್ರಿಜ್ಜುಗಳನ್ನೆಲ್ಲ ಆರಿಸಿ ಡಿಶ್‌ವಾಷರ್ ಒಂದನ್ನೇ ಓಡಲು ಬಿಟ್ಟು, ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದರು. ಮೆಟ್ಟಿಲ ಕೆಳಗೆ ಕರೆಂಟ್ ಮೀಟರ್ ಇತ್ತು. ಅದರ ಕೆಂಪು ಚುಕ್ಕಿ ಒಮ್ಮೆ ಮಿನುಗಿ, ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಮಿನುಗಿತು.

“ನಿಧಾನ” ಎಂದರು ಬದರಿನಾಥರು. “ಬಿಸಿ ಆದ್ರೆ... ಬೇಗ ಬೇಗ.”

ಸೀತಾಲಕ್ಷ್ಮಿಗೆ ಅರ್ಥವಾಯಿತು. ಕರೆಂಟ್ ಹೆಚ್ಚು ಖರ್ಚಾದರೆ ಚುಕ್ಕಿ ಬೇಗ ಬೇಗ ಮಿನುಗಬೇಕು; ನೀರು ಕಾಯಿಸುವ ಹೀಟರ್ ಕರೆಂಟನ್ನೇ ಎಳೆದುಕೊಳ್ಳುತ್ತಿಲ್ಲ. ಒಂದು ಕ್ಷಣ ಗಂಡನ ಮುಖವನ್ನೇ ನೋಡಿದರು. ಆ ತಲೆಯೊಳಗೆ ಏನೂ ಕಳೆದುಹೋಗಿಲ್ಲ ಎಂದು ಡಾಕ್ಟರು ಹೇಳಿದಾಗ ಅವರು ನಂಬಿರಲಿಲ್ಲ.

ಮೇಲೆ ಬಂದು ಪ್ಲಗ್ ಕಿತ್ತು, ನೀರಿನ ನಲ್ಲಿ ಮುಚ್ಚಿದರು. ಮಂಚದ ಕೆಳಗಿನ ಟೂಲ್ ಬಾಕ್ಸ್ ಹೊರಗೆ ಬಂತು. ಬದರಿನಾಥರು ಸ್ಕ್ರೂಡ್ರೈವರ್ ಹಿಡಿದರು. ಬಲಗೈಯ ಹಿಡಿತ ಸಾಲದೆ ಅದು ನೆಲಕ್ಕೆ ಬಿತ್ತು. ಮತ್ತೆ ಹಿಡಿದರು, ಮತ್ತೆ ಬಿತ್ತು. ಅವರು ಗೋಡೆಯ ಕಡೆ ತಿರುಗಿ ನಿಂತರು.

“ಇಲ್ಲಿ ಕೊಡಿ” ಎಂದು ಸೀತಾಲಕ್ಷ್ಮಿ ಚಾಪೆ ಹಾಸಿದರು. “ನೀವು ಹೇಳಿ, ನಾನು ಮಾಡ್ತೀನಿ.”

ಯಂತ್ರದ ಕೆಳಗಿನ ತಗಡಿನ ಸ್ಕ್ರೂಗಳನ್ನು ಬಿಚ್ಚಿ, ಫೋನಿನ ಟಾರ್ಚ್ ಹಿಡಿದು ಮಗ್ಗುಲಾಗಿ ಮಲಗಿ ಒಳಗೆ ನೋಡಿದರು. ಎಲ್ಲ ಕಡೆ ಬಣ್ಣಬಣ್ಣದ ತಂತಿಗಳು. ಬದರಿನಾಥರು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತರು.

“ದಪ್ಪ... ಎರಡು. ದಪ್ಪ ತಂತಿ.”

“ಇದೆ ರೀ. ಒಂದರ ತುದಿ ಕಪ್ಪಗೆ ಸುಟ್ಟಿದೆ. ಅಲ್ಲಾಡ್ತಾ ಇದೆ.”

“ಹಾಂ! ಅದೇ! ಅದು... ಅದು ಹೋಗಿದೆ. ಅದರ...”

ಸೀತಾಲಕ್ಷ್ಮಿ ಬಾಯಿ ತೆರೆದರು. ತಂತಿಯ ತುದಿಗೆ ಟೋಪಿಯಂತೆ ಹಾಕಿದ್ದ ಆ ಚಿಕ್ಕ ಲೋಹದ ತುಂಡಿಗೆ ಏನು ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ಕನ್ನಡದಲ್ಲೂ ಗೊತ್ತಿಲ್ಲ, ಇಂಗ್ಲಿಷಿನಲ್ಲೂ ಗೊತ್ತಿಲ್ಲ. ಮದುವೆಯಾದ ಮೇಲೆ ಗಂಡನ ಮಾತಿಗೆ ಕಾಯಲೇಬೇಕಾದದ್ದು ಇದೇ ಮೊದಲೇನೋ. ಚಾಪೆಯ ಮೇಲೆ ಮಲಗಿದ್ದಂತೆಯೇ ಕಾದರು.

ಬದರಿನಾಥರ ತುಟಿ ಅಲುಗಿತು. ಬೆರಳುಗಳನ್ನು ಒಂದಕ್ಕೊಂದು ಒತ್ತಿ ತೋರಿಸಿದರು. ಕಣ್ಣು ಮುಚ್ಚಿದರು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಬಂದು, ಕೂಗುತ್ತಲೇ ದಾಟಿ ಹೋದ.

“ಥಿಂ...” ಎಂದರು. “ಥಿಂಬ... ಥಿಂಬಲ್.”

“ಥಿಂಬಲ್?”

“ಥಿಂಬಲ್! ಹೊಸದು ತಗೊಂಬಾ, ಸೀತಾ. ಸುಟ್ಟಿದ್ದು ಕತ್ತರ್ಸಿ... ತೋರ್ಸು ಅಂಗಡೀಲಿ.”

ಅಷ್ಟು ಉದ್ದದ ಮಾತನ್ನು ಅವರು ಆಡಿ ತಿಂಗಳುಗಳೇ ಆಗಿದ್ದವು. ಸೀತಾಲಕ್ಷ್ಮಿ ತಕ್ಷಣ ಎದ್ದರು. ಸುಟ್ಟ ತುದಿಯನ್ನು ಕತ್ತರಿಸಿ, ಕರ್ಚೀಫಿನಲ್ಲಿ ಕಟ್ಟಿಕೊಂಡು ದೇವರಾಜನ ಎಲೆಕ್ಟ್ರಿಕಲ್ ಅಂಗಡಿಗೆ ಹೋದರು.

“ಥಿಂಬಲ್ ಬೇಕಪ್ಪಾ, ಈ ಸೈಜು. ಹೀಟರ್ ಲೈನಿಗೆ.”

“ಮೇಡಂ, ನೀವೇನ್ ಎಲೆಕ್ಟ್ರಿಕ್ ಕೆಲ್ಸ ಶುರು ಮಾಡ್ಬಿಟ್ರಾ?” ಎಂದು ದೇವರಾಜ ನಕ್ಕ. “ಹೀಟರ್‌ಗಾದ್ರೆ ಈ ದಪ್ಪದ್ದು ತಗೊಳ್ಳಿ. ಸಡಿಲ ಇದ್ರೆ ಮತ್ತೆ ಸುಡತ್ತೆ.”

ಅದೇ ಮಾತನ್ನು ಬದರಿನಾಥರೂ ಹೇಳಿದರು, ಬೇರೆ ರೀತಿಯಲ್ಲಿ. ತಂತಿಯ ತುದಿಗೆ ಥಿಂಬಲ್ ಸಿಕ್ಕಿಸಿ ಪ್ಲೈಯರ್ ಹಿಡಿದ ಹೆಂಡತಿಯ ಕೈಯ ಮೇಲೆ ತಮ್ಮ ಎಡಗೈ ಇಟ್ಟು, “ಒತ್ತು. ಇನ್ನೂ. ಇನ್ನೂ” ಎಂದರು. ಥಿಂಬಲ್ಲನ್ನು ಎಳೆದು ನೋಡಿದರು. ಬರಲಿಲ್ಲ. ಅದನ್ನು ಹೀಟರಿಗೆ ಸಿಕ್ಕಿಸಿ, ತಗಡು ಮುಚ್ಚಿ, ನಲ್ಲಿ ತೆರೆದು, ಪ್ಲಗ್ ಹಾಕಿ ಯಂತ್ರ ಓಡಿಸಿದರು. ಇಬ್ಬರೂ ಎದುರಿಗೆ ಕೂತು ಕಾಫಿ ಕುಡಿದರು. ಕಾಫಿ ಮುಗಿಯುವ ಹೊತ್ತಿಗೆ ಬಾಗಿಲು ಕೈಗೆ ಬೆಚ್ಚಗೆ ಸಿಕ್ಕಿತು.

ಸಂಜೆ ಧೃತಿ ಫೋನ್ ಮಾಡಿದಾಗ ಸೀತಾಲಕ್ಷ್ಮಿ ಡಿಶ್‌ವಾಷರ್ ಕೆಟ್ಟದ್ದನ್ನಷ್ಟೇ ಹೇಳಿ, ಸ್ಪೀಕರ್ ಹಾಕಿ, ಫೋನನ್ನು ಗಂಡನ ಮುಂದಿಟ್ಟರು. “ಮಿಕ್ಕಿದ್ದು ಅಪ್ಪನ್ನೇ ಕೇಳು.”

“ಅಪ್ಪಾ, ಏನಾಗಿತ್ತು?”

“ಅದು... ಹೀ... ಅದರ...”

“ಹೀಟರಾ? ಫ್ಯೂಸಾ? ಮೋಟರ್ ಹೋಗಿತ್ತಾ?”

“ಧೃತಿ, ಸುಮ್ನಿರು” ಎಂದರು ಸೀತಾಲಕ್ಷ್ಮಿ. “ಅವರು ಹೇಳ್ತಾರೆ.”

ಅತ್ತ ಕಡೆ ಮಗಳು ಸುಮ್ಮನಾದಳು. ಸೀತಾಲಕ್ಷ್ಮಿ ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಬಂದು, ಗಂಡನ ಪಕ್ಕದಲ್ಲೇ ಕೂತು ನಾರು ತೆಗೆಯತೊಡಗಿದರು. ಬದರಿನಾಥರು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು.