ಹದ್ದು ತೂಗಿದ ಅಂಗಳ

ಕುಶಾಲನಗರದಿಂದ ಮಡಿಕೇರಿ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ. ಜೇನುತುಪ್ಪ, ಏಲಕ್ಕಿ, ಕಾಫಿಪುಡಿ, ‘ಮನೆಯಲ್ಲೇ ಮಾಡಿದ್ದು’ ಎಂದು ಬೋರ್ಡು ಹಾಕಿದ ಚಾಕೊಲೇಟು. ಯಾರ ಮನೆ ಎಂದು ಗಿರಾಕಿ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಪ್ರವಾಸಿಗರು ಗಾಡಿಯಿಂದ ಇಳಿದು ಮೊದಲು ಟಾಯ್ಲೆಟ್ ಎಲ್ಲಿ ಎಂದು ಕೇಳುತ್ತಾರೆ, ಆಮೇಲೆ ದಾಕ್ಷಿಣ್ಯಕ್ಕೆ ಏನಾದರೊಂದು ಕೊಳ್ಳುತ್ತಾರೆ. ಆ ದಾಕ್ಷಿಣ್ಯದಲ್ಲೇ ನನ್ನ ಸಂಸಾರ ನಡೆದುಕೊಂಡು ಬಂದಿದೆ.

ಈ ಅಂಗಡಿಗೆ ರೇಣುಕಪ್ರಸಾದ್ ಮೊದಲ ಸಲ ಬಂದದ್ದು ಹೆಗಲ ಮೇಲೆ ಒಂದು ಸಿಮೆಂಟು ಚೀಲ ಹೊತ್ತುಕೊಂಡು. ಮುಖಪರಿಚಯ ಇತ್ತು. ಶನಿವಾರಸಂತೆ ಕಡೆಯವರು; ಚಿಕ್ಕಂದಿನಲ್ಲೇ ಇಲ್ಲಿಗೆ ಬಂದು ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಹಿಂದೆ ನಮ್ಮ ಕಡೆಯ ಅರ್ಧ ಲಾರಿಗಳ ಬೆನ್ನ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಜೋಡಿ ಗಿಳಿ ಇದ್ದವಲ್ಲ, ಅವೆಲ್ಲ ಇವರ ಕೈಯವು. ಆಮೇಲೆ ಸ್ಟಿಕ್ಕರ್ ಬಂತು. ಬಣ್ಣಕ್ಕೆ ಎರಡು ದಿನ ಲಾರಿ ನಿಲ್ಲಿಸುವವರು ಯಾರು?

ಚೀಲದಿಂದ ಅವರು ಒಂದೊಂದಾಗಿ ತಗಡಿನ ಹಕ್ಕಿಗಳನ್ನು ತೆಗೆದು ನನ್ನ ಗಾಜಿನ ಮೇಜಿನ ಮೇಲೆ ನಿಲ್ಲಿಸಿದರು. ಹೋಟೆಲಿನವರು ಎಸೆದ ಎಣ್ಣೆ ಡಬ್ಬ ಸೀಳಿ, ತಟ್ಟಿ ಚಪ್ಪಟೆ ಮಾಡಿ, ಕತ್ತರಿಸಿ, ಕೈ ಕುಯ್ಯದ ಹಾಗೆ ಅಂಚು ಮಡಚಿದ್ದರು. ಕಾಲಿಗೆ ಸೈಕಲ್ ಕಡ್ಡಿ, ಬಾಲಕ್ಕೆ ಮುರಿದ ಕೊಡೆಯ ಕಡ್ಡಿ. ಕೈತೋಟದಲ್ಲಿ ನೆಡುವುದಕ್ಕೆ ಕೆಲವು, ಜಗಲಿಗೆ ತೂಗುಹಾಕುವುದಕ್ಕೆ ಕೆಲವು. ಅರ್ಧ ತೆಂಗಿನ ಚಿಪ್ಪಿಗೆ ಮೂರು ತಂತಿ ಕಟ್ಟಿ ಹಕ್ಕಿಗಳಿಗೆ ನೀರಿಡುವ ಬಟ್ಟಲು ಬೇರೆ. ಅದರ ಅಂಚಿನಲ್ಲೊಂದು ಮಿಂಚುಳ್ಳಿ.

“ಇದ್ಯಾವ ಹಕ್ಕಿ ಪ್ರಸಾದಣ್ಣ?”

“ಪಿಕಳಾರ.”

“ಹೊಟ್ಟೆ ಮೇಲೆ ಸೂರ್ಯಕಾಂತಿ ಹೂವಿದೆಯಲ್ಲ!”

ಡಬ್ಬದ ಚಿತ್ರ ಬಣ್ಣದ ಅಡಿಯಿಂದ ಇಣುಕುತ್ತಿತ್ತು. ಅವರು ಹಕ್ಕಿಯನ್ನು ತಿರುಗಿಸಿ ನೋಡಿದರು.

“ಇನ್ನೊಂದ್ ಕೈ ಬಣ್ಣ ಬೇಕಿತ್ತು. ಇರ್ಲಿ ಬಿಡಿ. ತಿಂದಿದ್ದು ಹೊರಗೇ ಕಾಣ್ತದೆ ಅಂತ ಗಿರಾಕಿಗ್ ಹೇಳಿ.”

ಈ ಮನುಷ್ಯನಿಗೆ ತಮಾಷೆ ಗೊತ್ತು ಎಂದು ಮಾಲು ಇಟ್ಟುಕೊಂಡೆ. ಆದರೆ ಅದಾದ ಮೇಲೆ ತಿಂಗಳುಗಟ್ಟಲೆ ಅವರ ಬಾಯಿಂದ ಇನ್ನೊಂದು ತಮಾಷೆ ಕೇಳಲಿಲ್ಲ. ಬರುವರು, ಚೀಲ ಇಳಿಸುವರು, ನಾಲ್ಕಕ್ಕೆ ಮೊದಲೇ ಎದ್ದುಬಿಡುವರು. ಕಾಫಿ ತರಿಸುತ್ತೇನೆಂದರೂ ನಿಲ್ಲರು.

“ಮನೇಲಿ ಯಾರ್ ಕಾಯ್ತಿದಾರೆ ಪ್ರಸಾದಣ್ಣ, ಇಷ್ಟ್ ಅವಸರ?” ಎಂದು ಒಮ್ಮೆ ಕೆಣಕಿದೆ. ಮದುವೆಯಾಗದ ಮನುಷ್ಯ ಎಂದು ಗೊತ್ತಿದ್ದೇ ಕೇಳಿದ್ದು.

“ಬರೋ ಹೊತ್ತು,” ಎಂದರು.

“ಯಾರು?”

“ಹಕ್ಕಿಗಳು.”

ಅವರ ಮನೆ ಇರುವುದು ಊರಾಚೆಯ ನಂದನ ಬಡಾವಣೆಯಲ್ಲಿ. ಒಂದು ಕಾಲದಲ್ಲಿ ಗದ್ದೆ, ಈಗ ಸೈಟುಗಳು. ಟಾರು ರಸ್ತೆ, ಚರಂಡಿ, ಬೀದಿದೀಪ, ಮೂಲೆಮೂಲೆಗೂ ‘ಎರಡನೇ ಅಡ್ಡರಸ್ತೆ’, ‘ಮೂರನೇ ಅಡ್ಡರಸ್ತೆ’ ಎಂಬ ಕಲ್ಲುಗಳು, ಎಲ್ಲ ಇವೆ. ಮನೆ ಮಾತ್ರ ಒಂದೇ. ಮಿಕ್ಕವರೆಲ್ಲ ಬೆಲೆ ಏರಲಿ ಎಂದು ಬೇಲಿ ಹಾಕಿ ಹೋದವರು. ಅವರಲ್ಲಿ ನಾನೂ ಒಬ್ಬ. ಪೇಟೆಯ ಬಾಡಿಗೆ ಮನೆಯಲ್ಲಿ ತಾಯಿ ತೀರಿಹೋದ ಮೇಲೆ ಪ್ರಸಾದಣ್ಣ ಇದ್ದಬದ್ದದ್ದನ್ನೆಲ್ಲ ಹಾಕಿ ಅಲ್ಲಿ ಎರಡು ಕೋಣೆ ಕಟ್ಟಿಕೊಂಡರು. ಅಕ್ಕಪಕ್ಕ ಜನ ಬರುತ್ತಾರೆ, ಮಕ್ಕಳುಮರಿ ಇರುತ್ತವೆ ಎಂದು ಸೈಟು ಮಾರಿದವನು ಹೇಳಿದ್ದನಂತೆ. ಅವನೂ ವ್ಯಾಪಾರಿ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಜನ ಬರಲಿಲ್ಲ. ಅವರು ಬೇಲಿಗುಂಟ ಚಿಪ್ಪು ತೂಗುಹಾಕಿ ನೀರಿಟ್ಟರು, ಅಕ್ಕಿನುಚ್ಚು ಚೆಲ್ಲಿದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪಿಕಳಾರ, ಗೊರವಂಕ, ಚೋರೆ, ಪುಟ್ಟ ಗುಬ್ಬಿಗಳ ಹಿಂಡು ಬರತೊಡಗಿದವು. ಆ ಬಡಾವಣೆಯಲ್ಲಿ ಅವರ ಮನೆಗೆ ಬರುತ್ತಿದ್ದ ನೆಂಟರೆಂದರೆ ಅವೇ.

ತಗಡಿನ ಹಕ್ಕಿಗಳು ನಮ್ಮಲ್ಲಿ ಅಷ್ಟಕ್ಕಷ್ಟೇ ಹೋಗುತ್ತಿದ್ದವು. ಗಿರಾಕಿಗಳು ಫೋಟೊ ಹೊಡೆದುಕೊಂಡು ಚಾಕೊಲೇಟು ಕೊಳ್ಳುತ್ತಿದ್ದರು. ವ್ಯಾಪಾರ ತಿರುಗಿದ್ದು ಕೃಷ್ಣಪ್ಪನಿಂದ. ಹಾಸನ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡಿರುವ ರೈತ. ಜಗಲಿಗೆ ಚೆಂದ ಎಂದು ಒಂದು ದೊಡ್ಡ ಹದ್ದು ಕೊಂಡುಹೋಗಿದ್ದವನು ವಾರದೊಳಗೆ ತಿರುಗಿ ಬಂದು ನಿಂತ.

“ನಮ್ಮ ಕಾಳಮ್ಮ ಬೈದು ಹಾಕವ್ಳೆ ಸಾವ್ಕಾರ್ರೆ. ಹದ್ದು ಮನೆ ಹೊಕ್ರೆ ಮನೇನೇ ಬಿಡ್ಬೇಕಾಯ್ತದೆ, ತಗಡಿಂದಾದ್ರೇನು, ಮಾಂಸದ್ದಾದ್ರೇನು ಅಂತಾಳೆ.”

“ಮಾರಿದ್ ಮಾಲು ವಾಪಸ್ಸಿಲ್ಲ ಕೃಷ್ಣಪ್ಪ. ಬೋರ್ಡ್ ಓದು.”

“ವಾಪಸ್ ಯಾರು ತಂದ್ರು? ಇನ್ನೊಂದ್ ಡಜನ್ ಬೇಕು.”

ಹೆಂಡತಿಗೆ ಹೆದರಿ ಅದನ್ನು ಗದ್ದೆಗೆ ಒಯ್ದು ಬಿದಿರು ಗಳಕ್ಕೆ ಕಟ್ಟಿದ್ದನಂತೆ. ತೆನೆ ಹಾಲುಗಟ್ಟುವ ಕಾಲ. ಗಾಳಿಗೆ ಹದ್ದು ಸುತ್ತಿದ್ದೇ ಸುತ್ತಿದ್ದು, ಒಂದು ಗುಬ್ಬಿ ಭತ್ತಕ್ಕೆ ಕೂತಿಲ್ಲ. ಪಕ್ಕದ ಗದ್ದೆಯವರಿಗೂ ಬೇಕಂತೆ. ಜೋಳದವರೂ ಕೇಳುತ್ತಿದ್ದಾರಂತೆ.

ಅಂದೇ ಪ್ರಸಾದಣ್ಣನಿಗೆ ಹೇಳಿಕಳಿಸಿದೆ: ಪಿಕಳಾರ ಸಾಕು, ಹದ್ದು ಮಾಡಿ. ಅವರಿಗೂ ಹುರುಪು ಬಂತು. ಲಾರಿಯ ಬೆನ್ನಿಂದ ಹೋದ ಹದ್ದು ಹೀಗೆ ಗದ್ದೆಗೆ ಬಂದದ್ದು ಅವರಿಗೆ ಸಣ್ಣ ಸಂಗತಿಯಲ್ಲ. ಮೊದಲ ಕಂತು ತಂದಾಗ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುವ ಅಮೃತಾ ಒಂದನ್ನು ಎತ್ತಿ ಹಿಡಿದು, “ಅಯ್ಯೋ, ನನ್ನನ್ನೇ ಗುರಾಯಿಸ್ತಿದೆ!” ಎಂದಳು. ಪ್ರಸಾದಣ್ಣ ನಾಚಿಕೊಂಡರು.

ಎರಡನೇ ಕಂತಿಗೆ ಹೇಳಿದ ದಿನ ಅವರು ಬರಲಿಲ್ಲ. ಕೊನೆಗೆ ಬಂದಾಗ ಚೀಲ ಅರ್ಧ ಖಾಲಿ.

“ಬರ್ತಿಲ್ಲ ಸಾವ್ಕಾರ್ರೇ,” ಎಂದರು.

“ಯಾರು, ಡಬ್ಬ ಕೊಡೋ ಹೋಟೆಲಿನವರಾ?”

“ಹಕ್ಕಿಗಳು.”

ನಾನು ನಕ್ಕುಬಿಟ್ಟೆ. “ಅವೇನು ನಿಮ್ ಗಿರಾಕಿಗಳಾ? ಮಾಲು ಅಷ್ಟು ಚೆನ್ನಾಗಿದೆ ಅಂತ ಅರ್ಥ. ಸಂತೋಷಪಡಿ.”

ಅವರು ಸಂತೋಷಪಡಲಿಲ್ಲ. ಮಾಲಿಗೆ ನಾನೇ ಹೋಗುವುದೆಂದು ಮರುದಿನ ಸಂಜೆ ಹೊರಟೆ.

ಬಡಾವಣೆಯ ಉದ್ದಕ್ಕೂ ನನ್ನ ಚಪ್ಪಲಿ ಸದ್ದು ನನಗೇ ಕೇಳುತ್ತಿತ್ತು. ದೂರದಿಂದಲೇ ಕಂಡಿತು. ಎರಡೂ ಮಗ್ಗುಲಿಗೆ ಗಾಳಿಯಾಡಿ ಬಣ್ಣ ಒಣಗಲಿ ಎಂದು ಅಂಗಳದ ಆ ಕಂಬದಿಂದ ಈ ಕಂಬಕ್ಕೆ ತಂತಿ ಎಳೆದು ಹದ್ದುಗಳನ್ನು ಸಾಲಾಗಿ ನೇತುಹಾಕಿದ್ದರು. ಎಲ್ಲ ಒಂದೇ ಕಡೆ ತಿರುಗುವುದು, ನಿಲ್ಲುವುದು, ಮತ್ತೆ ಈ ಕಡೆ ತಿರುಗುವುದು. ಚಿಪ್ಪುಗಳಲ್ಲಿ ನೀರು ತುಂಬಿಯೇ ಇತ್ತು. ನುಚ್ಚಿನ ಮೇಲೆ ಇರುವೆ ಹತ್ತಿತ್ತು.

ಪ್ರಸಾದಣ್ಣ ನನಗೆ ಬೆನ್ನು ಮಾಡಿ ಬೇಲಿ ಹಿಡಿದು ನಿಂತಿದ್ದರು. ಆಚೆ ಯಾರದೋ ಖಾಲಿ ಸೈಟಿನಲ್ಲಿ ಒಂದು ಅತ್ತಿ ಮರ. ಆ ಮರಕ್ಕೆ ಹೇಳುತ್ತಿದ್ದರು:

“ತಗಡು ಕಣ್ರೇ ಅದು. ನಾನೇ ಮಾಡಿದ್ದು. ಎಣ್ಣೆ ಡಬ್ಬ. ಬನ್ರೇ, ಏನೂ ಮಾಡಲ್ಲ.”

ದನಿಯಲ್ಲಿ ಅಂಗಲಾಚುವಿಕೆ ಇತ್ತು. ಜನರೆದುರು ನಾಲ್ಕು ಮಾತು ಕೂಡಿಸಲಾರದ ಮನುಷ್ಯ. ನಾನು ಕೆಮ್ಮಿದೆ. ಅವರು ತಿರುಗಿದರು, ನಾನು ಕೇಳಿಸಿಕೊಂಡಿಲ್ಲ ಎಂಬಂತೆ ನಿಂತೆ, ಅವರೂ ನಂಬಿದಂತೆ ನಿಂತರು.

ಹದ್ದುಗಳನ್ನು ಒಳಗೆ ಒಣಗಿಸಿ ಎಂದೆ. ಒಣಗಿಸಿ ನೋಡಿದ್ದರು. ಪೇಂಟಿನ ವಾಸನೆಗೆ ತಲೆ ಸಿಡಿದು ವಾಂತಿಯಾಗಿತ್ತು. ಮೇಲಾಗಿ ಕಿಟಕಿಯಿಂದ ಕಾಣುತ್ತಿದ್ದವೋ ಏನೋ, ಹಕ್ಕಿಗಳು ಆಗಲೂ ಬಂದಿರಲಿಲ್ಲ.

“ನಂಗೆ ಈ ಕೆಲ್ಸ ಬೇಡ ಸಾವ್ಕಾರ್ರೇ.”

ಅತ್ತ ಕೃಷ್ಣಪ್ಪನದು ದಿನಕ್ಕೆರಡು ಸಲ ಫೋನು. ತೆನೆ ಕಾಯುವುದಿಲ್ಲವಲ್ಲ. ನಾನು ಯೋಚಿಸಿ ಒಂದು ದಾರಿ ಹುಡುಕಿದೆ: ಅಂಗಡಿ ಹಿಂದಿನ ಶೆಡ್ಡು ಖಾಲಿ ಮಾಡಿಸಿ, ಒಪ್ಪಿದ ಮಾಲನ್ನಾದರೂ ಅಲ್ಲಿ ಬಂದು ಮುಗಿಸಿಕೊಡಿ ಎಂದೆ. ಅದೂ ಅಲ್ಲದೆ ಅಂಗಡಿಯಲ್ಲಿ ಜನ ಇರುತ್ತಾರೆ, ಮಾತು ಇರುತ್ತದೆ, ಮನುಷ್ಯನ ಒಂಟಿತನವೂ ಕಳೆದೀತು. ಮಾಲೂ ಬಂತು, ಪುಣ್ಯವೂ ಬಂತು. ಖರ್ಚಿಲ್ಲದ ಪುಣ್ಯ ಯಾವ ವ್ಯಾಪಾರಿಗೆ ಬೇಡ?

ಬಂದರು. ಬೆಳಿಗ್ಗೆ ಬಂದು ಗೋಡೆಗೆ ಮುಖ ಮಾಡಿ ಕೂತು ತಗಡು ತಟ್ಟುವರು. ಅಮೃತಾ ಹೋಗಿ ಹೋಗಿ ಮಾತಾಡಿಸುವಳು.

“ಅಂಕಲ್, ಊಟಕ್ಕೇನು ತಂದ್ರಿ?”

“ಚಿತ್ರಾನ್ನ.”

“ನಿನ್ನೇನೂ ಅದೇ ಅಂದ್ರಿ.”

“ನಿನ್ನೇನೂ ಅದೇ.”

ಅಷ್ಟೇ. ಪ್ರವಾಸಿಗರು ಇಣುಕಿ ವಿಡಿಯೊ ಮಾಡಿದರು. ಅವರು ತಲೆ ಎತ್ತಲಿಲ್ಲ. ಅಂಗಡಿಯ ತುಂಬ ಜನ, ನಗು, ಹಾರ್ನು. ನಡುವೆ ಅವರು ಬಸ್ಸಿಗೆ ಕಾಯುವವರಂತೆ ಕೂತಿರುವರು. ಮೂರೂವರೆ ದಾಟಿತೋ, ಕತ್ತರಿ ಒರೆಸಿಟ್ಟು ಎದ್ದುಬಿಡುವರು.

“ಹದ್ದಂತೂ ಈಗ ಅಂಗಳದಲ್ಲಿಲ್ಲ. ಬಂದ್ವಾ?” ಎಂದು ಮರುದಿನ ಕೇಳುವೆ.

“ಇಲ್ಲ.”

ಕೊನೆಕೊನೆಗೆ ಕೇಳುವುದನ್ನು ಬಿಟ್ಟೆ. ಅಮೃತಾ ಕೂಡ, “ಸಾರ್, ಇನ್ನು ಬರ್ತಾವಾ ಅವು?” ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ನಾನು ಮಾರುವವನು.

ಒಪ್ಪಿದ ಮಾಲು ಮುಗಿದ ದಿನ ಪ್ರಸಾದಣ್ಣ ಹೊತ್ತು ಇಳಿಯುವವರೆಗೂ ನಿಂತು ಶೆಡ್ಡು ಗುಡಿಸಿ, ತಗಡಿನ ಚೂರನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿದರು. ಇನ್ನು ಹದ್ದು ಮಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಕೃಷ್ಣಪ್ಪನಿಗೆ ಮಾತ್ರ ನಾನಿನ್ನೂ ಹೇಳಿರಲಿಲ್ಲ. ದಾರಿಯಲ್ಲಿ ಇವರ ಮನಸ್ಸು ತಿರುಗಿಸಬಹುದು ಎಂಬ ಲೆಕ್ಕ. ಅದಕ್ಕೇ, “ನಾನೂ ಆ ಕಡೆ ಬರ್ತೀನಿ ನಡೀರಿ,” ಎಂದು ಜೊತೆಗೆ ಹೊರಟೆ.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಮುಂದಿನ ವರ್ಷ ಶುಂಠಿಯವರು, ಜೋಳದವರು, ಪಿರಿಯಾಪಟ್ಟಣದವರೆಗೂ ಹದ್ದು ಹಾರಿಸಬಹುದು ಎಂದೆಲ್ಲ. ಶುಂಠಿಯನ್ನು ಯಾವ ಹಕ್ಕಿ ತಿನ್ನುತ್ತದೆ ಎಂದು ಅವರೂ ಕೇಳಲಿಲ್ಲ. ಬಡಾವಣೆಯ ಟಾರು ಹತ್ತಿದ ಮೇಲೆ ಅವರು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡರು. ನಾನೂ ಮಾತು ನಿಲ್ಲಿಸಿದೆ.

ಗೇಟಿನ ಬಳಿ ಬಂದು ಒಳಗೆ ಹೆಜ್ಜೆ ಇಡುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. ಬೇಲಿಯ ಮೂಲೆಯ ಚಿಪ್ಪಿನ ಅಂಚಿನಲ್ಲಿ ಒಂದು ಚೋರೆ ಕೂತಿತ್ತು. ಒಂದೇ ಒಂದು. ಕುತ್ತಿಗೆ ಚಾಚಿ ಅಂಗಳವನ್ನೆಲ್ಲ ನೋಡುತ್ತಿತ್ತು, ನೀರು ಮುಟ್ಟಿರಲಿಲ್ಲ.

“ನೀವಿಲ್ಲೇ ಇರಿ,” ಎಂದರು ಪಿಸುದನಿಯಲ್ಲಿ. “ಅದಕ್ಕೆ ನಿಮ್ ಪರಿಚಯ ಇಲ್ಲ.”

ಜನ್ಮದಲ್ಲಿ ಯಾರೂ ನನ್ನನ್ನು ಹೀಗೆ ಗೇಟಿನಾಚೆ ನಿಲ್ಲಿಸಿರಲಿಲ್ಲ. ಈ ಮನೆಗೆ ಬಂದ ಮನುಷ್ಯಪ್ರಾಣಿ ಬಹುಶಃ ನಾನೊಬ್ಬನೇ. ಆದರೂ ನಿಂತೆ.

ಪ್ರಸಾದಣ್ಣ ಚೀಲವನ್ನು ಸದ್ದಾಗದ ಹಾಗೆ ನೆಲಕ್ಕಿಳಿಸಿ, ಗೋಡೆಗುಂಟ ನಡೆದು ಹೋಗಿ ಮೆಟ್ಟಿಲ ಮೇಲೆ ಕೂತರು. ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಅಲುಗಾಡದೆ ಕೂತರು. ಚೋರೆ ಅವರನ್ನು ನೋಡಿತು, ನನ್ನನ್ನೂ ನೋಡಿತು. ಹಿಂದೆ ಖಾಲಿ ಅಡ್ಡರಸ್ತೆಗಳ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು.

ನನ್ನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಕೃಷ್ಣಪ್ಪ. ಅದು ಬಾಯಿ ಬಿಡುವ ಮೊದಲೇ ಒತ್ತಿ ಆರಿಸಿದೆ. ಚೋರೆ ತಲೆ ಬಗ್ಗಿಸಿ ನೀರಿಗೆ ಕೊಕ್ಕಿಟ್ಟಿತು.

ಹೋಗಿಬರುತ್ತೇನೆ ಎಂದು ಹೇಳೋಣವೆಂದರೆ ಪ್ರಸಾದಣ್ಣ ನನ್ನ ಕಡೆ ನೋಡಲಿಲ್ಲ. ಟಾರು ಬಿಟ್ಟು, ಮಣ್ಣಿನ ಅಂಚಿನಲ್ಲಿ ಸದ್ದಾಗದಂತೆ ನಡೆದು ಬಸ್ ಸ್ಟಾಪಿನ ಕಡೆ ಹೊರಟೆ.