ಪಂಕ್ತಿಯಲ್ಲಿ ಕೂರದ ಚಂದ್ರನ್ ಅಂಕಲ್

2006ರ ಯುಗಾದಿ. ಆಗ ನಾವು ನ್ಯೂಜಿಲೆಂಡಿನಲ್ಲಿ, ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಚಂದ್ರನ್ ಅಂಕಲ್ (ಹೆಸರು ಬದಲಿಸಿದ್ದೇನೆ) ಆಗ್ನೇಯ ಏಷ್ಯಾದಿಂದ ಬಂದವರು, ಅರವತ್ತರ ಹತ್ತಿರ. ಆ ಏರಿಳಿತದ ರಸ್ತೆಗಳಲ್ಲಿ ನನಗೆ ಕಾರು ಕಲಿಸಿದ್ದು ಅವರೇ. ಸೀಟಿಗೆ ಒಂದು ನೀಲಿ ದಿಂಬು ಹಾಕಿಕೊಂಡೇ ಕೂರುತ್ತಿದ್ದರು. "ಏನಂಕಲ್, ಸಿಂಹಾಸನ ಬಂತಾ?" ಅಂತ ರೇಗಿಸಿದರೆ ನಕ್ಕು, "ಮೊದಲು ಕ್ಲಚ್ ನೋಡಮ್ಮ" ಅನ್ನುತ್ತಿದ್ದರು. ಎಷ್ಟು ಚೆನ್ನಾಗಿದ್ದ ದಿನಗಳು ಅವು.

ಹಬ್ಬಕ್ಕೆ ಹನ್ನೆರಡು ಜನರನ್ನು ಕರೆದಿದ್ದೆ. ಸೋಫಾಗಳನ್ನು ಗ್ಯಾರೇಜಿಗೆ ತಳ್ಳಿ, ಹಾಲ್‌ನ ಮರದ ನೆಲದ ಮೇಲೆ ಸಾಲಾಗಿ ಬಾಳೆಲೆ ಹಾಕಿದೆ. ಫ್ರೋಜನ್ ಎಲೆ, ಆದರೂ ಎಲೆ ಎಲೆಯೇ. ನಾನು ಮೈಸೂರಿನವಳು, ಪದ್ಧತಿ ಬಿಡೋ ಜಾಯಮಾನ ನನ್ನದಲ್ಲ. ಎಲ್ಲರೂ ಕೂತರು. ಅಂಕಲ್ ಮಾತ್ರ ಗೋಡೆಗೆ ಒರಗಿ, "ನಾನು ನಿಂತೇ ತಿಂತೀನಿ" ಅಂದರು. ನನಗೆ ರೇಗಿತು. "ಎಲೆ ಹಾಕಿದ ಮೇಲೆ ನಿಂತು ಉಂಡರೆ ನನಗೆ ಅವಮಾನ ಅಂಕಲ್" ಅಂತ ಎಲ್ಲರೆದುರು ಕೈ ಹಿಡಿದು ಎಳೆದು ಕೂರಿಸಿಯೇ ಬಿಟ್ಟೆ.

ತಿನ್ನುವಾಗ ಅವರ ಹಣೆ ಬೆವರುತ್ತಿತ್ತು. ಚಿತ್ರಾನ್ನದ ಖಾರ ಇರಬೇಕು ಅಂದುಕೊಂಡು ಹೋಳಿಗೆಗೆ ಇನ್ನಷ್ಟು ತುಪ್ಪ ಬಡಿಸಿದೆ.

ಊಟ ಮುಗಿದರೂ ಅವರಿಗೆ ಏಳಲಾಗಲಿಲ್ಲ. ನನ್ನ ಗಂಡ ಎತ್ತಿ ನಿಲ್ಲಿಸಬೇಕಾಯಿತು. ಅಡುಗೆಮನೆಗೆ ಕರೆದು ಏನಾಯಿತೆಂದು ಕೇಳಿದೆ. ತಗ್ಗಿದ ದನಿಯಲ್ಲಿ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಒಂದು ಹೊಡೆದಾಟದ ಕೇಸಿಗೆ, ಅವರ ದೇಶದ ಕೋರ್ಟು ಜೈಲಿನ ಜೊತೆಗೆ ಆರು ಬೆತ್ತದೇಟು ವಿಧಿಸಿತ್ತಂತೆ. ಕಟ್ಟಿಹಾಕಿ, ಬರೀ ಮೈಯ ಮೇಲೆ, ಕೂರುವ ಭಾಗಕ್ಕೆ. ಮೂರನೇ ಏಟಿಗೇ ಚರ್ಮ ಕಿತ್ತುಬಂತಂತೆ. ತಿಂಗಳುಗಟ್ಟಲೆ ಬೋರಲು ಮಲಗಿದ್ದರಂತೆ. ಗಾಯ ಮಾಯ್ದರೂ ಅಲ್ಲೆಲ್ಲ ಗಂಟುಗಟ್ಟಿ, ಗಟ್ಟಿ ನೆಲ ತಾಗಿದರೆ ಈಗಲೂ ಬೆಂಕಿ ಇಟ್ಟಹಾಗಂತೆ. "ನನ್ನ ಹೆಂಡತಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೊರಗೆ ಕೂತಿರೋರಿಗೆ ಹೇಳಬೇಡಮ್ಮ" ಅಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆಮೇಲೆ ಎಷ್ಟೋ ವಾರ ಅವರು ನಮ್ಮ ಮನೆ ಕಡೆ ಸುಳಿಯಲಿಲ್ಲ.

ಮುಂದಿನ ಯುಗಾದಿಗೆ ನಾನೇ ಹೋಗಿ ಕರೆದೆ. ಈ ಸಲ ಎಲೆಗಳನ್ನು ಟೇಬಲ್ ಮೇಲೆ ಹಾಕಿದ್ದೆ. "ಇದೇನ್ರೀ, ನಿಮ್ಮ ಮನೇಲೂ ಟೇಬಲ್ಲಾ?" ಅಂತ ಗೆಳತಿಯರು ಕಾಲೆಳೆದರು. "ಮಂಡಿ ನೋವು ಕಣ್ರೀ, ಬಗ್ಗಿ ಬಡಿಸೋಕಾಗಲ್ಲ" ಅಂದೆ. ನನಗಾಗ ಮೂವತ್ತೊಂದು. ಅಂಕಲ್ ನನ್ನ ಮುಖವನ್ನೇ ನೋಡಿದರು. ಆಮೇಲೆ ನೀಲಿ ದಿಂಬನ್ನು ಕುರ್ಚಿಗೆ ಹಾಕಿಕೊಂಡು ಕೂತು, ಎರಡು ಸಲ ಹೋಳಿಗೆ ಕೇಳಿ ಹಾಕಿಸಿಕೊಂಡರು.

ಅವರು ತೀರಿಕೊಂಡು ವರ್ಷಗಳಾದವು. ಅವತ್ತು ಅವರ ಕೈ ಹಿಡಿದೆಳೆದದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಈಗ ನನ್ನ ಮಂಡಿ ನಿಜವಾಗಿಯೂ ನೋಯುತ್ತದೆ. ಪ್ರತಿ ಯುಗಾದಿಗೆ ಟೇಬಲ್ ಮೇಲೆ ಎಲೆ ಹಾಕುವಾಗ, "ನೋಡಿ ಅಂಕಲ್, ಇನ್ನು ನಾವಿಬ್ಬರೂ ಕುರ್ಚಿಯವರೇ" ಅಂತ ಮನಸ್ಸಿನಲ್ಲೇ ಅವರಿಗೆ ಹೇಳುತ್ತೇನೆ.