ಕಟ್ಟೆಯ ಮೇಲೆ ನನ್ನ ಬಾಯಿಂದ ಬಂದ ಮಾತು

ಮೈಮೇಲೆ ಬರುವುದು, ಸತ್ತವರು ಮಾತಾಡುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಕುರುಗೋಡಿನ ನಮ್ಮ ಮನೆಯಲ್ಲಿ ಅತ್ತಿಗೆಗೆ ಮೈದುಂಬಿ ಎಲ್ಲರೂ ಕೈಮುಗಿದು ನಿಂತಾಗ ನಾನು ಹೊರಗೆ ಹೋಗಿ ನಕ್ಕಿದ್ದೇನೆ. ಹಾಗಾಗಿ ಮುಂದೆ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಶಾಲೆಯ ನೌಕರಿಯಿಂದ ನಿವೃತ್ತನಾದ ಮೇಲೆ ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ಮನೆ ಕೊಂಡೆವು. ಓಣಿಯ ತುದಿಗೆ ಒಂದು ಪಾರ್ಕು. ದೊಡ್ಡದೇನಲ್ಲ, ಎರಡು ಬೇವಿನ ಮರ, ನಾಲ್ಕು ಬೆಂಚು, ನಡುವೆ ಸಿಮೆಂಟಿನ ದುಂಡನೆಯ ಕಟ್ಟೆ. ಬೆಳಿಗ್ಗೆ ಮುದುಕರು, ಮಧ್ಯಾಹ್ನ ಆಟೋದವರು, ಸಂಜೆ ಮಕ್ಕಳು. ಕೆಲವು ವರ್ಷಗಳ ಹಿಂದೆ ಅದಕ್ಕೆ ಹೊಸ ಬೇಲಿ, ಜೋಕಾಲಿ ಬಂದವು. ಓಣಿಯವರು ಸಣ್ಣ ಸಮಾರಂಭ ಇಟ್ಟುಕೊಂಡು, "ಮೇಷ್ಟ್ರೇ, ಪಾರ್ಕಿನ ಇತಿಹಾಸ ನೀವಽ ನಾಕು ಮಾತಿನ್ಯಾಗ ಹೇಳಿಬಿಡ್ರಿ" ಎಂದರು.

ಹೊಸಬನಾದ ನನಗೇನು ಗೊತ್ತು? ಓಣಿಯ ಹಿರಿಯರನ್ನು ಒಬ್ಬೊಬ್ಬರಾಗಿ ಕೇಳಿದೆ. ಎಲ್ಲರದೂ ಒಂದೇ ಉತ್ತರ: "ಏನಿತ್ತ್ರೀ ಇಲ್ಲಿ? ತಿಪ್ಪಿ ಇತ್ತು. ಆಮ್ಯಾಲೆ ಪಾರ್ಕ್ ಮಾಡಿದ್ರು." ತಿಪ್ಪೆ ಹೋಗಿ ತೋಟವಾದ ಕಥೆ ಭಾಷಣಕ್ಕೆ ಚೆನ್ನಾಗಿಯೇ ಇತ್ತು.

ಮೇ ತಿಂಗಳು. ಹೊತ್ತಿಳಿಯುತ್ತಿದ್ದರೂ ಕಟ್ಟೆ ಕಾದ ಹಂಚಿನಂತಿತ್ತು. ಅದರ ಮೇಲೆ ನಿಂತು ಮೈಕು ಹಿಡಿದೆ. ಮುಂದಿನ ಸಾಲಿನಲ್ಲಿ ಹಿರಿಯರು, ಹಿಂದೆ ಹೆಂಗಸರು, ಮಕ್ಕಳು. "ಇದು ಒಂದು ಕಾಲದಲ್ಲಿ ಬರೀ ತಿಪ್ಪೆಯಾಗಿತ್ತು" ಎಂದದ್ದು ನೆನಪಿದೆ. ಅಷ್ಟರಲ್ಲಿ ಪಾದ ತಣ್ಣಗಾಯಿತು. ಆ ತಂಪು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಏರಿತು, ನೀರಿಗಿಳಿದಾಗ ಏರುವ ಹಾಗೆ.

ಮತ್ತೆ ಎಚ್ಚರವಾದಾಗ ನನ್ನೆರಡೂ ಕೈ ತಲೆಯ ಮೇಲೆ ಚಾಚಿಕೊಂಡಿದ್ದವು. ಮೈಕು ಕಾಲಬುಡದಲ್ಲಿ ಬಿದ್ದಿತ್ತು. ಹುಡುಗರು ನಗುತ್ತಿದ್ದರು. ನಾಚಿಕೆಯಿಂದ ಕೈ ಇಳಿಸಿದೆ. ಹೆಂಡತಿ ಓಡಿಬಂದು, "ಏನಾತ್ರೀ ನಿಮಗ? 'ಹಂಪಕ್ಕಾ, ಹಗ್ಗ ಬಿಡಾಕ ಹೇಳಬೇ, ಕೈ ಸೋತಾವು' ಅಂತ ಒದರಿದ್ರಿ. ಯಾರಾಕಿ ಹಂಪಕ್ಕ?" ಎಂದಳು.

ಹಂಪಕ್ಕ ಎಂಬ ಯಾರನ್ನೂ ನಾನು ಅರಿಯೆ. ಆದರೆ ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಎದ್ದು ಕಟ್ಟೆಯ ಕಡೆ ಬರುತ್ತಿದ್ದಳು. ಕೊಳಗಲ್ಲಿನಿಂದ ಮಗಳ ಮನೆಗೆ ಬಂದವಳಂತೆ. ನಾನು ಎಂದೂ ಕಂಡವಳಲ್ಲ.

"ನಾನಽ ಹಂಪಕ್ಕ," ಎಂದಳು. "ನನ್ನ ತಂಗಿ ದುರುಗಿ ಆಕಿ."

ನಿಂತಲ್ಲೇ ಹೇಳಿದಳು. ಕಟ್ಟೆ ಇರುವಲ್ಲಿ ಬಾವಿ ಇತ್ತು. ಅವಳ ತವರು ಈ ಓಣಿಯ ಹಿಂದಿನ ಕೇರಿ. ಆ ಕೇರಿಯವರು ಬಾವಿಯಲ್ಲಿ ಸೇದುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯುವವರೆಗೆ ಕೊಡ ಹಿಡಿದು ಕಾಯಬೇಕು. ಒಂದು ಸುಡುಮಧ್ಯಾಹ್ನ ಕಾಯಲಾರದೆ ದುರುಗಿ ಕಲ್ಲು ಹಿಡಿದು ಒಳಗಿಳಿದು ಜಾರಿದಳು. "ಗ್ವಾಡಿ ಕಲ್ಲಿಗೆ ಜೋತುಬಿದ್ದು ಒದರತಿದ್ಲು. ನಾ ಮನಿಮನಿಗೆ ಓಡಿದ್ನೆಪ್ಪಾ. ಎಲ್ಲರ ಮನ್ಯಾಗೂ ಹಗ್ಗ ಇದ್ವು. ಮೈಲಿಗಿ ಆಕ್ಕತಿ ಅಂತ ಯಾರೂ ಕೊಡಲಿಲ್ಲ. ಕಡೀಕ ಗ್ಯಾರೇಜಿನ ಸಾಬರು ತಂದ್ರು. ಅಷ್ಟೊತ್ತಿಗೆ ದನಿ ನಿಂತಿತ್ತು." ಆಮೇಲೆ ನೀರು ಕೆಟ್ಟಿತೆಂದು ಬಾವಿಗೆ ತಿಪ್ಪೆಯ ಕಸ ಸುರಿದು ಮುಚ್ಚಿದರಂತೆ.

ಮುಂದಿನ ಸಾಲಿನಲ್ಲಿ ಒಬ್ಬರೂ "ಸುಳ್ಳು" ಎನ್ನಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿದ್ದವು. ಒಬ್ಬರು ಮಾತ್ರ, "ಹಳೇದ್ಯಾಕ ಈಗ ಕೆದಕೋದು, ಕುಂಡ್ರಬೇ ಯಮ್ಮಾ" ಎಂದು ಗೊಣಗಿದರು. ಯಾರೋ ಲೋಟದಲ್ಲಿ ನೀರು ತಂದುಕೊಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

"ಇನ್ನೊಮ್ಮಿ ಅನ್ರಿ," ಎಂದಳು. "ಆಕಿ ದನಿ ಕೇಳಿ ಎಷ್ಟು ವರ್ಷ ಆತು. ಒಮ್ಮಿ ಅನ್ರಿ ಸಾಕು."

ಅಷ್ಟು ಜನರೆದುರು ಹೆಂಡತಿಯನ್ನು ಕೇಳಿಕೊಂಡು ಆ ಮಾತನ್ನು ಹೇಳಿದೆ. ಪಾಠ ಒಪ್ಪಿಸುವ ಹುಡುಗನ ಹಾಗೆ. ನನ್ನ ಕಿವಿಗೇ ಅಸಹ್ಯವಾಯಿತು. ಮುದುಕಿ ಕತ್ತು ಓರೆಮಾಡಿ ಕೊನೆಯವರೆಗೂ ಕೇಳಿದಳು. ಆಮೇಲೆ ತಲೆಯಾಡಿಸಿದಳು.

"ಅಲ್ಲ. ಇದು ನಿಮ್ಮ ದನಿ," ಎಂದು ಮಗಳ ಕೈ ಹಿಡಿದು ಹೊರಟುಹೋದಳು.

ಬಿಸಿಲಿನ ಹೊಡೆತ ಎಂದರು ಡಾಕ್ಟರು. ಇರಬಹುದು. ಬಿಸಿಲಿಗೆ ಹಂಪಕ್ಕನ ಹೆಸರು ಹೇಗೆ ತಿಳಿಯಿತು ಎಂದು ಅವರನ್ನು ಕೇಳಲಿಲ್ಲ. ಮೊದಲ ಸಲ ಬಂದದ್ದೂ ನನ್ನದೇ ದನಿ ಎಂದು ಹೆಂಡತಿ ಆಣೆ ಮಾಡುತ್ತಾಳೆ. ಮುದುಕಿಗೆ ತಂಗಿಯ ದನಿ ಕೇಳಿಸಿತ್ತು. ಇಬ್ಬರೂ ಸುಳ್ಳಾಡುವವರಲ್ಲ.

ಈಗಲೂ ಅದೇ ಓಣಿಯಲ್ಲಿದ್ದೇನೆ. ಬೆಳಿಗ್ಗೆ ಪಾರ್ಕಿಗೆ ಹೋದರೆ ಹಿರಿಯರು ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಡುತ್ತಾರೆ. ಕೂರುತ್ತೇನೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.